ಎರಡೇ ದನ ಉಳಿದ ಮನೆಯಲ್ಲಿ ಗೋಬರ್ ಗ್ಯಾಸ್ ಮುಚ್ಚಬೇಕೇ?

ತೋಟದಮನೆ (ಶಿರಸಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಮನೆಯ ಹಿತ್ತಿಲಲ್ಲಿ ಮಾವ ಕಟ್ಟಿಸಿದ ಗೋಬರ್ ಗ್ಯಾಸ್ ಇದೆ. 1994ರ ಬೇಸಿಗೆಯಲ್ಲಿ ಕಟ್ಟಿದ್ದು, ನೆಲದೊಳಗೆ ಇಟ್ಟಿಗೆಯ ಗುಮ್ಮಟ ಇರುವ ದೀನಬಂಧು ಮಾದರಿ, ದಿನಕ್ಕೆ 3 ಘನ ಮೀಟರ್ ಗ್ಯಾಸ್ ಕೊಡುವ ಅಳತೆಯದು. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅದರ ಮರುವರ್ಷ. ಆಗ ಕೊಟ್ಟಿಗೆಯಲ್ಲಿ ಏಳು ದನ. ಬೆಳಿಗ್ಗೆ ಎದ್ದು ಒಲೆ ಹಚ್ಚಿದರೆ ದೋಸೆ, ಅನ್ನ, ಸಾರು, ಪಲ್ಯ, ದನಗಳಿಗೆ ಕುಡಿಯಲು ಕೊಡುವ ಬಾಯರು ಎಲ್ಲ ಅದರಲ್ಲೇ ಆಗಿ, ಸಂಜೆಗೆ ಇನ್ನೂ ಗ್ಯಾಸ್ ಉಳಿದಿರುತ್ತಿತ್ತು. ನನ್ನ ತವರಿನಲ್ಲಿ ಅಡುಗೆಮನೆಯ ಗೋಡೆಯೆಲ್ಲ ಹೊಗೆ ಹಿಡಿದು ಕಪ್ಪಾಗಿತ್ತು. ಅಮ್ಮ ಊದುಗೊಳವೆ ಹಿಡಿದು ಕಣ್ಣು ಒರೆಸಿಕೊಳ್ಳುತ್ತಲೇ ಅಡುಗೆ ಮಾಡಿದವಳು. ಇಲ್ಲಿ ಬಂದು ನೀಲಿ ಉರಿ ನೋಡಿದ ಮೊದಲ ದಿನ ನಾನು ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದೆ.

ಈಗ ಇರುವುದು ಒಂದು ಜರ್ಸಿ ಮಿಶ್ರತಳಿ, ಒಂದು ಮಲೆನಾಡು ಗಿಡ್ಡ, ಒಂದು ಕರು. ಕಳೆದ ಮಳೆಗಾಲದಿಂದ ಗ್ಯಾಸ್ ಕಡಿಮೆಯಾಗುತ್ತಾ ಬಂತು. ಕಾರ್ತಿಕದಲ್ಲಿ ಮನೆಯಲ್ಲೊಂದು ಕಾರ್ಯ ಇತ್ತು. ಉಳಿದ ಅನ್ನ, ಪಾಯಸ ಸೇರಿ ಎರಡು ದೊಡ್ಡ ಕೊಳಗದಷ್ಟನ್ನು ಹಾಳು ಮಾಡುವುದು ಬೇಡವೆಂದು ನಾನೇ ಗುಂಡಿಗೆ ಸುರಿದೆ. ಅದಾದ ಮೂರನೇ ದಿನಕ್ಕೆ ಗ್ಯಾಸ್ ಭರ್ತಿ ಬರುತ್ತಿತ್ತು, ಆದರೆ ಬೆಂಕಿ ಹಿಡಿಯುತ್ತಿರಲಿಲ್ಲ. ಕಡ್ಡಿ ಗೀರಿದರೆ ಪುಸ್ಸೆಂದು ಆರಿಹೋಗುತ್ತಿತ್ತು, ಹುಳಿ ವಾಸನೆ. ಒಂದು ತಿಂಗಳ ಮೇಲೆ ಸ್ವಲ್ಪ ಸರಿಯಾಯಿತು. ಈಗ ದಿನಕ್ಕೆ 25 ನಿಮಿಷ ಉರಿದರೆ ಹೆಚ್ಚು.

ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಹೇಳುವುದು, ಸಿಲಿಂಡರ್ ಹೇಗೂ ಇದೆ, ಗುಂಡಿಗೆ ಮಣ್ಣು ತುಂಬಿಸಿ ಅಲ್ಲಿ ಗಿಡ ಹಾಕಿ ಎಂದು. ಅತ್ತೆಗೆ 81. ಅವರು ಏನೂ ಹೇಳುವುದಿಲ್ಲ, ಆದರೆ ದಿನಾ ಬೆಳಿಗ್ಗೆ ಕೋಲೂರಿಕೊಂಡು ಹೋಗಿ ಗುಂಡಿಯ ಬಾಯಿ ನೋಡಿ ಬರುತ್ತಾರೆ. ನನಗೆ ಮುಚ್ಚಲು ಮನಸ್ಸಿಲ್ಲ. ಎರಡು ದನದ ಸಗಣಿಗೆ ಇಷ್ಟೇ ಗ್ಯಾಸ್ ಬರುವುದೋ, ಬೇರೇನಾದರೂ ತೊಂದರೆಯೋ? ತಿಳಿದವರು ಹೇಳಿ.

---

ಹುಬ್ಬಳ್ಳಿ ಮನೆ

ಅಕ್ಕಾರ, ನಿಮ್ಮ ಮಗ ಹೇಳೋದ್ರಾಗ ತಪ್ಪಿಲ್ಲ ಅನಸ್ತದ. ಸಗಣಿ ಕಲಸೋದು, ತುಂಬೋದು, ಸ್ಲರಿ (ಗ್ಯಾಸ್ ಬಿಟ್ಟ ಮ್ಯಾಲೆ ಹೊರಗ ಬರೋ ಸಗಣಿ ರಾಡಿ) ಎತ್ತೋದು, ಇದೆಲ್ಲ ಮಾಡೋರು ಮನಿ ಹೆಣ್ಮಕ್ಕಳೇ. ನಮ್ಮ ಅತ್ತಿಗೀಗೆ ಇದನ್ನ ಮಾಡಿ ಮಾಡಿ ಸೊಂಟ ಹೋತು. ಛಾವಣಿ ಮ್ಯಾಲೆ ಸೋಲಾರ್ ಹಾಕ್ರಿ, ಇಂಡಕ್ಷನ್ ಒಲಿ ಇಟ್ಕೊಳ್ರಿ. ನಿಮ್ಮ ಆರೋಗ್ಯನೂ ನೋಡ್ಕೋಬೇಕಲ್ರಿ.

---

ಹಳೇ ಮೇಸ್ತ್ರಿ (ಸಾಗರ)

ತಂಗಿ, ಮುಚ್ಚುವ ಮಾತು ಸ್ವಲ್ಪ ತಡೆಯಿರಿ. ನಾನು 26 ವರ್ಷ ಈ ಗುಂಡಿಗಳನ್ನೇ ಕಟ್ಟಿದವನು. ನೀವು ಬರೆದದ್ದನ್ನು ಓದಿದರೆ ಗುಂಡಿ ಕೆಟ್ಟಂತೆ ಕಾಣುವುದಿಲ್ಲ, ಅದಕ್ಕೆ ಹೊಟ್ಟೆ ಕೆಟ್ಟಂತೆ ಕಾಣುತ್ತದೆ.

ಪಾಯಸದ ವಿಷಯ ಮೊದಲು ಹೇಳುತ್ತೇನೆ. ಗುಂಡಿಯಲ್ಲಿ ಎರಡು ಬಗೆಯ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಒಂದು ತಂಡ ತಿಂದದ್ದನ್ನು ಹುಳಿ ಮಾಡುತ್ತದೆ, ಇನ್ನೊಂದು ತಂಡ ಆ ಹುಳಿಯನ್ನು ತಿಂದು ಮಿಥೇನ್ ಮಾಡುತ್ತದೆ. ಹುಳಿ ಮಾಡುವ ತಂಡ ಬಲು ಚುರುಕು, ಮಿಥೇನ್ ತಂಡ ನಿಧಾನ. ಸಗಣಿಯಾದರೆ ದನದ ಹೊಟ್ಟೆಯಲ್ಲಿ ಒಮ್ಮೆ ಅರೆದು ಬಂದದ್ದು, ಹದವಾಗಿ ಕರಗುತ್ತದೆ, ಇಬ್ಬರಿಗೂ ಸಮ ಹೋಗುತ್ತದೆ. ಅನ್ನ ಬೆಲ್ಲ ಒಮ್ಮೆಲೇ ಬಿದ್ದರೆ ಹುಳಿ ಏರಿ ಮಿಥೇನ್ ತಂಡ ಕೈಕಟ್ಟಿ ಕೂರುತ್ತದೆ. ಆಗ ಬರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಗ್ಯಾಸ್ ತುಂಬಿದ ಹಾಗೆ ಕಾಣುತ್ತದೆ, ಉರಿಯುವುದಿಲ್ಲ. ಅದು ಕಳೆದುಹೋದ ಕಥೆ, ಚಿಂತೆ ಬೇಡ.

ಆದರೆ ದಿನಕ್ಕೆ 25 ನಿಮಿಷವೆಂದರೆ ತೀರಾ ಕಡಿಮೆ. ಲೆಕ್ಕ ನೋಡಿ. ಒಂದು ಕಿಲೋ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಎಂದು ನಾವು ಹಿಡಿಯುವುದು. ಮನೆಯ ಸಣ್ಣ ಬರ್ನರ್ ಗಂಟೆಗೆ ಸುಮಾರು 450 ಲೀಟರ್ ತಿನ್ನುತ್ತದೆ. ನಿಮ್ಮ ಕೊಟ್ಟಿಗೆಯಲ್ಲಿ 20 ಕಿಲೋ ಸಿಕ್ಕಿದರೂ ಒಂದೂ ಮುಕ್ಕಾಲು ಗಂಟೆ ಉರಿಯಬೇಕು. ಚಳಿಗಾಲ ಎಂದು ಕಡಿಮೆ ಹಿಡಿದರೂ ಒಂದು ಗಂಟೆಗೆ ಮೋಸವಿಲ್ಲ. ಹಾಗಾದರೆ ಗ್ಯಾಸ್ ಸೋರುತ್ತಿರಬೇಕು, ಇಲ್ಲವೇ ಆಗುತ್ತಲೇ ಇಲ್ಲ.

ಎರಡು ಕೆಲಸ ಮಾಡಿ. ಮೂರು ದಿನ ಸಗಣಿಯನ್ನು ತಕ್ಕಡಿಯಲ್ಲಿ ತೂಗಿ, ಎಷ್ಟು ನೀರು ಹಾಕುತ್ತೀರಿ ಬರೆದಿಡಿ. ರಾತ್ರಿ ಮಲಗುವಾಗ ಗುಮ್ಮಟದ ಮೇಲಿನ ವಾಲ್ವ್ ಬಂದ್ ಮಾಡಿ, ಔಟ್‌ಲೆಟ್ ತೊಟ್ಟಿಯ ಗೋಡೆಗೆ ಸ್ಲರಿಯ ಮಟ್ಟದಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆಯಿರಿ. ದೀನಬಂಧುವಿಗೆ ಅದೇ ಮೀಟರು. ಒಳಗೆ ಗ್ಯಾಸ್ ಕೂಡಿದಷ್ಟೂ ಸ್ಲರಿಯನ್ನು ಆಚೆ ತೊಟ್ಟಿಗೆ ತಳ್ಳುತ್ತದೆ. ಬೆಳಿಗ್ಗೆ ಗೆರೆಗಿಂತ ಮೇಲೆ ಬಂದಿರಬೇಕು. ಇದ್ದಲ್ಲೇ ಇದ್ದರೆ ಅಥವಾ ಇಳಿದಿದ್ದರೆ ಗುಮ್ಮಟದಲ್ಲೋ ವಾಲ್ವಿನ ಬುಡದಲ್ಲೋ ಸೋರಿಕೆ. ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಬಂದಲ್ಲಿ ತೂತು. ಬೆಂಕಿಕಡ್ಡಿ ಹಿಡಿದು ಪರೀಕ್ಷೆ ಮಾಡಬೇಡಿ.

ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ. ಯಾರೇ ಹೇಳಲಿ, ಗುಂಡಿಯ ಒಳಗೆ ಯಾರನ್ನೂ ಇಳಿಸಬೇಡಿ. ಸ್ಲರಿ ಖಾಲಿ ಮಾಡಿದ ಮೇಲೂ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಒಬ್ಬ ಬಿದ್ದನೆಂದು ಎತ್ತಲು ಹೋದ ಇನ್ನೊಬ್ಬನೂ ಅಲ್ಲೇ ಉಳಿಯುತ್ತಾನೆ. ಈ ಕೆಲಸದಲ್ಲಿ ನಾನು ನಿಜವಾಗಿ ಹೆದರುವುದು ಇದೊಂದಕ್ಕೇ.

---

ಬೆಳ್ತಂಗಡಿ ಹಟ್ಟಿ

ಅಕ್ಕಾ, ನಮ್ಮಲ್ಲಿಯೂ ಎರಡೇ ದನ. ನಾವು ಅಡುಗೆಮನೆಯದ್ದೂ ಹಾಕುತ್ತೇವೆ, ಆದರೆ ಅದಕ್ಕೊಂದು ಕ್ರಮ ಉಂಟು. ದನ ತಿನ್ನುವುದೆಲ್ಲ ಮೊದಲು ದನಕ್ಕೆ. ಅಕ್ಕಚ್ಚು (ಅಕ್ಕಿ ತೊಳೆದ ನೀರು), ತರಕಾರಿ ಸಿಪ್ಪೆ, ಹಲಸಿನ ರೆಚ್ಚೆ (ಹೊರಸಿಪ್ಪೆ) ಎಲ್ಲ ಹಟ್ಟಿಗೇ ಹೋಗುವುದು. ದನಕ್ಕೆ ಕೊಡಲಾಗದ ಹಳಸಿದ ಅನ್ನ, ಬೂಸ್ಟು ಹಿಡಿದ ಹಿಟ್ಟು, ಹಳೆ ಸಾಂಬಾರು, ಇದಿಷ್ಟೇ ಗುಂಡಿಗೆ. ಚೆನ್ನಾಗಿ ಹಿಸುಕಿ, ಸಗಣಿಯ ಜೊತೆ ಕಲಸಿ, ದಿನಕ್ಕೆ ಒಂದು ಚೊಂಬಿನಿಂದ ಸುರುಮಾಡಿ ಎರಡು ತಿಂಗಳಲ್ಲಿ ಒಂದು ಸಣ್ಣ ಬಾಲ್ದಿಯವರೆಗೆ ಬಂದೆವು. ಒಂದೇ ದಿನಕ್ಕೆ ಜಾಸ್ತಿ ಹಾಕಲೇಬಾರದು. ನಿಂಬೆ ಕಿತ್ತಳೆ ಸಿಪ್ಪೆ, ಈರುಳ್ಳಿ ಸಿಪ್ಪೆ, ತೆಂಗಿನ ನಾರು, ಅಡಿಕೆ ಸಿಪ್ಪೆ ಹಾಕಬೇಡಿ. ನಾರು ಕರಗುವುದಿಲ್ಲ, ಮೇಲೆ ತೇಲಿ ಹಪ್ಪಳದ ಹಾಗೆ ಕೆನೆ ಕಟ್ಟುತ್ತದೆ, ಗ್ಯಾಸ್ ಮೇಲೆ ಬರಲಿಕ್ಕೆ ಬಿಡುವುದಿಲ್ಲ.

ನಮ್ಮ ಹುಡುಗ ಶಾಲೆಯ ಪ್ರಯೋಗಶಾಲೆಯಿಂದ ಲಿಟ್ಮಸ್ ಕಾಗದ ತಂದಿದ್ದ. ಸ್ಲರಿಗೆ ಅದ್ದಿದಾಗ ನೀಲಿ ಕಾಗದ ಕೆಂಪಾದರೆ ಹುಳಿಯಾಗಿದೆ ಎಂದು ಅರ್ಥ, ಎರಡು ದಿನ ಗುಂಡಿಯ ಊಟ ನಿಲ್ಲಿಸುತ್ತೇವೆ. ಅಷ್ಟೇ ಉಪಾಯ.

---

ತೋಟದಮನೆ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಹುಬ್ಬಳ್ಳಿಯವರು ನನ್ನ ಸೊಂಟದ ಬಗ್ಗೆ ಕೇಳಿದ್ದು ಮನಸ್ಸಿಗೆ ತಟ್ಟಿತು. ಇಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನನಗೆ ಬೆಳಿಗ್ಗೆ ಇದಕ್ಕೆ ಹಿಡಿಯುವುದು ಕಾಲು ಗಂಟೆ ಅಷ್ಟೇ. ಸಗಣಿಯನ್ನಂತೂ ಎತ್ತಲೇಬೇಕು, ಗೊಬ್ಬರಗುಂಡಿಗೆ ಹಾಕುವ ಬದಲು ಇಲ್ಲಿಗೆ ಹಾಕುತ್ತೇನೆ. ಸ್ಲರಿ ಕಾಲುವೆಯಲ್ಲಿ ತಾನೇ ಇಳಿದು ಕೆಳಗಿನ ಗುಂಡಿ ಸೇರುತ್ತದೆ, ಅದಕ್ಕೆ ಬೆಟ್ಟದಿಂದ ತಂದ ದರಕು (ಒಣ ಎಲೆ), ಸೊಪ್ಪು ಹಾಕಿ ತೋಟಕ್ಕೆ ಒಯ್ಯುತ್ತೇವೆ. ಸೋಲಾರ್ ಬಗ್ಗೆಯೂ ಯೋಚಿಸಿದ್ದೆವು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ, ಗಾಳಿಮಳೆಗೆ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ.

ಮೇಸ್ತ್ರಿಯವರೇ, ನೀವು ಹೇಳಿದಂತೆ ತೂಗಿದೆ. ಜರ್ಸಿಯದು 14 ಕಿಲೋ, ಗಿಡ್ಡ ಹಗಲು ಮೇಯಲು ಹೋಗುವುದರಿಂದ ಕೊಟ್ಟಿಗೆಯಲ್ಲಿ ಸಿಕ್ಕಿದ್ದು 5, ಕರುವಿನದು 3. ಒಟ್ಟು 22. ಮೂರು ದಿನವೂ ಹೆಚ್ಚುಕಡಿಮೆ ಅಷ್ಟೇ. ಸಗಣಿಯಷ್ಟೇ ನೀರು ಹಾಕಿ ಕಲಸುತ್ತೇನೆ. ಗೆರೆ ರಾತ್ರಿಯಿಂದ ಬೆಳಿಗ್ಗೆಗೆ ನಾಲ್ಕು ಬೆರಳು ಮೇಲೆ ಬಂತು, ಇಳಿಯಲಿಲ್ಲ. ನೊರೆ ಹಚ್ಚಿದೆ, ಗುಳ್ಳೆ ಇಲ್ಲ.

ಬರೆಯುತ್ತಿರುವಾಗ ಒಂದು ನೆನಪಾಯಿತು. ಎರಡು ವರ್ಷದ ಕೆಳಗೆ ಕೊಟ್ಟಿಗೆಗೆ ಸಿಮೆಂಟ್ ನೆಲ ಮಾಡಿಸಿದೆವು. ಆಗ ತೊಳೆದ ನೀರಿಗೆಂದು ಒಂದು ಪೈಪು ಹಾಕಿ, ಸಗಣಿ ಕಲಸಿ ಬಿಡುವ ಇನ್‌ಲೆಟ್ ತೊಟ್ಟಿಗೆ ಸೇರಿಸಿದ್ದಾರೆ. ಗಂಜಳವೂ ಹೋಗಲಿ ಎಂದು. ಇದರಿಂದ ಏನಾದರೂ ಆಗಿರಬಹುದೇ?

---

ಹಳೇ ಮೇಸ್ತ್ರಿ (ಸಾಗರ)

ಸಿಕ್ಕಿತು ತಂಗಿ. ಅದೇ.

ದಿನಕ್ಕೆ ಎಷ್ಟು ಕೊಡ ನೀರು ಹೊಡೆಯುತ್ತೀರಿ? ಪೈಪು ಹಿಡಿದು ತೊಳೆದರೆ 200 ಲೀಟರ್ ಸುಲಭವಾಗಿ ಆಗುತ್ತದೆ. ನಿಮ್ಮ ಗುಂಡಿಯ ಹೊಟ್ಟೆ ಸುಮಾರು 6,000 ಲೀಟರ್ ಎಂದುಕೊಳ್ಳಿ. 22 ಕಿಲೋ ಸಗಣಿ, 22 ಲೀಟರ್ ನೀರು ಹಾಕಿದರೆ ಇವತ್ತು ಹಾಕಿದ್ದು ನಾಲ್ಕು ತಿಂಗಳಿಗೂ ಮೇಲೆ ಒಳಗೆ ಇರುತ್ತದೆ, ಪೂರ್ತಿ ಜೀರ್ಣವಾಗಿ ಹೊರಗೆ ಬರುತ್ತದೆ. ಅದಕ್ಕೆ 200 ಲೀಟರ್ ಸೇರಿಸಿ ನೋಡಿ, 25 ದಿನದೊಳಗೆ ಆಚೆ ತಳ್ಳಿಕೊಂಡು ಹೋಗುತ್ತದೆ. ಸಗಣಿ ಅರ್ಧ ಬೆಂದಿರುತ್ತದೆ, ಜೊತೆಗೆ ಆ ನಿಧಾನದ ಮಿಥೇನ್ ತಂಡವೂ ತೊಳೆದುಹೋಗುತ್ತದೆ. ನಿಮ್ಮ ಔಟ್‌ಲೆಟ್‌ನಲ್ಲಿ ಬರುವ ಸ್ಲರಿಗೆ ಇನ್ನೂ ಸಗಣಿ ವಾಸನೆ ಇದೆಯೇ, ನೊಣ ಕೂರುತ್ತದೆಯೇ? ಸರಿಯಾಗಿ ಜೀರ್ಣವಾದ ಸ್ಲರಿಗೆ ವಾಸನೆ ಇರುವುದಿಲ್ಲ, ನೊಣ ಬರುವುದಿಲ್ಲ.

ಇನ್ನೊಂದು ಕೇಳುತ್ತೇನೆ. ನೆಲ ತೊಳೆಯುವ ನೀರಿಗೆ ಫಿನಾಯಿಲ್ ಹಾಕುತ್ತೀರಾ? ಅದು ಗುಂಡಿಯ ಈ ಜೀವಿಗಳನ್ನು ಕೊಲ್ಲುತ್ತದೆ.

---

ತೋಟದಮನೆ

ಹಾಕುತ್ತೇವೆ. ಜರ್ಸಿಗೆ ಕೆಚ್ಚಲು ಬಾವು ಬಂದ ಮೇಲೆ ವಾರಕ್ಕೆರಡು ಸಲ. ನೊಣ ಕೂರುತ್ತದೆ, ವಾಸನೆಯೂ ಇದೆ. ನಾನು ದನ ಕಡಿಮೆಯಾದದ್ದಕ್ಕೆ ಹೀಗೆ ಎಂದುಕೊಂಡಿದ್ದೆ. ನಾನೇ ಕೈಯಾರೆ ಅದಕ್ಕೆ ವಿಷ ಹಾಕುತ್ತಿದ್ದೆ ಎಂದು ತಿಳಿದು ಕೈಕಾಲು ಆಡಲಿಲ್ಲ.

---

ಹಳೇ ಮೇಸ್ತ್ರಿ (ಸಾಗರ)

ಸಂಕಟ ಮಾಡಿಕೊಳ್ಳಬೇಡಿ. ಸಿಮೆಂಟ್ ನೆಲ ಮಾಡಿದ ಎಷ್ಟೋ ಕೊಟ್ಟಿಗೆಗಳಲ್ಲಿ ಇದೇ ಆಗಿರುವುದನ್ನು ನೋಡಿದ್ದೇನೆ. ಕೊಟ್ಟಿಗೆ ಚೊಕ್ಕ ಇರಬೇಕು, ಕೆಚ್ಚಲು ಬಾವಿಗೆ ಮದ್ದೂ ಬೇಕು. ತೊಳೆದ ನೀರು ಗುಂಡಿಗೆ ಹೋಗಬಾರದು, ಅಷ್ಟೇ. ಆ ಪೈಪನ್ನು ತಿರುಗಿಸಿ ಸ್ಲರಿ ಗುಂಡಿಯ ಆಚೆ ಬೇರೆ ಇಂಗುಗುಂಡಿಗೆ ಬಿಡಿ. ಗಂಜಳ ಬೇಕಿದ್ದರೆ ತೊಳೆಯುವ ಮೊದಲೇ ಬಾಲ್ದಿಯಲ್ಲಿ ಹಿಡಿದು, ಸಗಣಿ ಕಲಸುವ ನೀರಿನ ಬದಲಿಗೆ ಒಂದಿಷ್ಟು ಹಾಕಿ.

ಸಗಣಿ ನೀರು ಸಮಸಮ. ಚಳಿಗಾಲದಲ್ಲಿ ನೀರನ್ನು ಬಿಸಿಲಿನಲ್ಲಿಟ್ಟು ಮಧ್ಯಾಹ್ನ ಕಲಸಿ. ಈ ಜೀವಿಗಳಿಗೆ 35 ಡಿಗ್ರಿ ಆಸುಪಾಸಿನ ಬೆಚ್ಚಗೆ ಬೇಕು, ನಿಮ್ಮ ಕಡೆಯ ಪುಷ್ಯದ ಬೆಳಗಿನ ತಣ್ಣೀರು ಆಗಿಬರುವುದಿಲ್ಲ. ಸುತ್ತಮುತ್ತ ಯಾರದಾದರೂ ಚೆನ್ನಾಗಿ ನಡೆಯುವ ಗುಂಡಿಯಿದ್ದರೆ ಅವರ ಸ್ಲರಿ ಹತ್ತು ಬಾಲ್ದಿ ತಂದು ಒಮ್ಮೆ ಹಾಕಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ.

ಗ್ಯಾಸಿನ ಪೈಪಿನಲ್ಲಿ ನೀರು ನಿಂತಿದೆಯೇ ನೋಡಿ. ಉರಿ ಕುಣಿಯುತ್ತಿದ್ದರೆ ಅದೇ ಕಾರಣ. ತಗ್ಗಿನಲ್ಲಿರುವ ನೀರು ಬಿಡುವ ತಿರುಪನ್ನು ವಾರಕ್ಕೊಮ್ಮೆ ಬಿಚ್ಚಬೇಕು. ಈಗಿನವರು ಅದನ್ನು ಮರೆತೇಬಿಟ್ಟಿದ್ದಾರೆ.

---

ಕುಣಿಗಲ್ ಕಡೆಯವ

ಚರ್ಚೆ ಓದಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕೆನಿಸಿತು. ನಮ್ಮ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ 1980ರ ದಶಕದಲ್ಲಿ ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನ ಒಯ್ಯಲೆಂದು 1974ರಲ್ಲಿ ಕಟ್ಟಿದ 'ಅಸ್ತ್ರ' ತಂಡದವರು ಮಾಡಿದ್ದು. ಮೊದಲು ಅಡುಗೆಗೆಂದೇ ಯೋಜನೆ. ಊರಿನ ಸಗಣಿ ಎಲ್ಲರ ಒಲೆಗೆ ಸಾಲಲಿಲ್ಲ. ಆಮೇಲೆ ಅದೇ ಗ್ಯಾಸನ್ನು ಡೀಸೆಲ್ ಎಂಜಿನಿಗೆ ಕೊಟ್ಟು ಕರೆಂಟು ತೆಗೆದು ಕೊಳವೆ ಬಾವಿಯಿಂದ ನಲ್ಲಿಗೆ ನೀರು ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು.

ನಿಮಗೆ ಬೇಕಾದದ್ದು ಮುಂದಿನದು. ಜನ ಸಗಣಿ ತಂದು ತೂಗಿ ಕೊಡುತ್ತಿದ್ದರು, ತಂದುಕೊಟ್ಟದ್ದಕ್ಕೆ ಒಂದಿಷ್ಟು ಕಾಸು, ಜೊತೆಗೆ ಸ್ಲರಿ ವಾಪಸ್. ಗ್ಯಾಸ್ ತೆಗೆದರೂ ಗೊಬ್ಬರದ ಸಾರಜನಕ ಹೋಗುವುದಿಲ್ಲ, ಹೋಗುವುದು ಇಂಗಾಲ. ಹಾಗಾಗಿ ಕೊಟ್ಟವರಿಗೆ ನಷ್ಟವಿಲ್ಲ. ನಿಮ್ಮ ನೆರೆಯಲ್ಲಿ ದನ ಇದ್ದು ಗುಂಡಿ ಇಲ್ಲದ ಮನೆ ಇದ್ದರೆ ಕೇಳಿ ನೋಡಬಹುದಲ್ಲ? ಏಳು ದನಕ್ಕೆ ಕಟ್ಟಿದ ಗುಂಡಿ ಅರ್ಧಕ್ಕಿಂತ ಹೆಚ್ಚು ಖಾಲಿ ಕೂತಿದೆ.

---

ಬೆಳ್ತಂಗಡಿ ಹಟ್ಟಿ

ಕುಣಿಗಲ್‌ನವರು ಹೇಳಿದ್ದು ಭಾರೀ ಒಳ್ಳೆಯ ಮಾತು. ಒಂದು ಸೇರಿಸುತ್ತೇನೆ. ಸ್ಲರಿಯನ್ನು ಬಿಸಿಲಿನಲ್ಲಿ ಒಣಗಿಸಲು ಬಿಡಬೇಡಿ, ಅದರ ಸಾರವೆಲ್ಲ ಗಾಳಿಗೆ ಹೋಗುತ್ತದೆ. ಹಸಿಯಾಗಿಯೇ ಬುಡಕ್ಕೆ ಹಾಕಿ ಮೇಲೆ ಸೊಪ್ಪು ಮುಚ್ಚಬೇಕು.

---

ತೋಟದಮನೆ

ಆರು ವಾರ ಆಯಿತು. ನಡೆದದ್ದನ್ನು ಹೇಳದೇ ಇರಬಾರದು ಎಂದು ಬರೆಯುತ್ತಿದ್ದೇನೆ.

ಪೈಪು ತಿರುಗಿಸಿದ್ದು ಅದೇ ವಾರ. ಮನೆಯವರು ಮತ್ತು ಕೆಲಸದ ಹುಡುಗ ಸೇರಿ ಅರ್ಧ ದಿನದಲ್ಲಿ ಮುಗಿಸಿದರು. ಪಕ್ಕದ ಕೇರಿಯ ಒಂದು ಮನೆಯಿಂದ ಸ್ಲರಿ ತಂದು ಹೆಪ್ಪು ಹಾಕಿದೆವು. ಪೈಪಿನ ತಗ್ಗಿನ ತಿರುಪು ಬಿಚ್ಚಿದಾಗ ಎರಡು ಚೊಂಬು ನೀರು ಬಂತು. ತುಕ್ಕು ಬಣ್ಣದ ನೀರು. ಅದನ್ನು ಕೊನೆಯ ಸಲ ಬಿಚ್ಚಿದ್ದು ಮಾವನೇ ಇರಬೇಕು, ಅವರು ಹೋಗಿ ಒಂಬತ್ತು ವರ್ಷವಾಯಿತು.

ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ನಾಲ್ಕು ಬೆರಳು, ನಾಲ್ಕೇ ಬೆರಳು. ಮೂರನೇ ವಾರ ಐದಾಯಿತು. ಸ್ಲರಿಯ ವಾಸನೆ ಹೋದದ್ದು ಮೊದಲು ಗೊತ್ತಾದದ್ದು ಅತ್ತೆಗೆ. ಬಗ್ಗಿ ಮೂಸಿ ನೋಡಿ "ಕೂಸೇ, ನೊಣ ಇಲ್ಲ" ಎಂದರು. ಈಗ ಗೆರೆ ಒಂಬತ್ತು ಬೆರಳು ಬರುತ್ತಿದೆ. ನಿನ್ನೆ ಗಡಿಯಾರ ಇಟ್ಟು ನೋಡಿದೆ, ಒಂದು ಗಂಟೆ ಹದಿನೈದು ನಿಮಿಷ ಉರಿಯಿತು. ಬೆಳಗಿನ ದೋಸೆ, ಮಧ್ಯಾಹ್ನದ ಕುಕ್ಕರು ಅದರಲ್ಲಿ, ಸಂಜೆಗೆ ಮಾತ್ರ ಸಿಲಿಂಡರ್. ಹಳಸಿದ ಅನ್ನ ದಿನಕ್ಕೊಂದು ಚೊಂಬು ಹಾಕಲು ಶುರು ಮಾಡಿದ್ದೇನೆ, ಹಿಸುಕಿ, ಬೆಳ್ತಂಗಡಿಯವರು ಹೇಳಿದ ಹಾಗೆ.

ಮಗ ಶಿವರಾತ್ರಿಗೆ ಬಂದಿದ್ದ. ಅವನಿಗೆ ತಕ್ಕಡಿಯ ಲೆಕ್ಕ ತೋರಿಸಿದೆ. 22 ಕಿಲೋ ಸಗಣಿಯಿಂದ 880 ಲೀಟರ್ ಗ್ಯಾಸ್, ಒಂದು ಘನ ಮೀಟರಿಗೆ ಸಿಲಿಂಡರಿನ ಸುಮಾರು 450 ಗ್ರಾಂ ಸಮ ಎಂದು ಹಿಡಿದರೆ ದಿನಕ್ಕೆ 400 ಗ್ರಾಂ. 14.2 ಕಿಲೋದ ಒಂದು ಸಿಲಿಂಡರ್ 35 ದಿನಕ್ಕೆ ಉಳಿಯುತ್ತದೆ ಎಂದು ಅವನೇ ಫೋನಿನಲ್ಲಿ ಭಾಗಿಸಿ ಹೇಳಿದ. ಚಳಿ ಕಳೆದು ಗ್ಯಾಸ್ ಅಷ್ಟು ಬರಲಿ ನೋಡೋಣ ಎಂದೆ. ಅವನು ಮತ್ತೆ ಮುಚ್ಚುವ ಮಾತು ಎತ್ತಲಿಲ್ಲ. ಹೋಗುವ ದಿನ ಬೆಳಿಗ್ಗೆ ಅವನೇ ಕಲಸುವ ತೊಟ್ಟಿಯ ಹತ್ತಿರ ಕೂತು ಕೈಯಲ್ಲಿ ಸಗಣಿ ಕಲಸಿದ. ಚಿಕ್ಕವನಿದ್ದಾಗ ಅಜ್ಜನ ಜೊತೆ ಕಲಸುತ್ತಿದ್ದ, ಉಂಡೆ ಒಡೆಯುವುದು ಅವನಿಗೆ ಮರೆತಿರಲಿಲ್ಲ.

ಕೆಳಗಿನ ಮನೆಯವರಿಗೆ ಐದು ದನ, ಗುಂಡಿ ಇಲ್ಲ. ಮಾತಾಡಿದೆ. ದಿನಕ್ಕೆ ಎರಡು ಬಾಲ್ದಿ ಕೊಡುತ್ತಾರಂತೆ, ಸ್ಲರಿ ವಾಪಸ್ ಬೇಕಂತೆ. ಆದರೆ ಅವರ ತೋಟ ನಮ್ಮ ಗುಂಡಿಗಿಂತ ತಗ್ಗಿನಲ್ಲಿ, 60 ಅಡಿ ದೂರ. ಮೇಸ್ತ್ರಿಯವರೇ, ಅಷ್ಟು ದೂರಕ್ಕೆ ಸ್ಲರಿ ತಾನೇ ಇಳಿದು ಹೋಗುವಂತೆ ಮಾಡಲು ಎಷ್ಟು ದಪ್ಪದ ಪೈಪು ಹಾಕಬೇಕು, ತೆರೆದ ಕಾಲುವೆಯೇ ಒಳ್ಳೆಯದೇ? ಮಳೆಗಾಲಕ್ಕೆ ಮೊದಲು ಮಾಡಿ ಮುಗಿಸಬೇಕೆಂದಿದ್ದೇವೆ.

---

ಹಳೇ ಮೇಸ್ತ್ರಿ (ಸಾಗರ)

ತೆರೆದ ಕಾಲುವೆಯೇ ಮಾಡಿ ತಂಗಿ. ಪೈಪು ಕಟ್ಟಿಕೊಂಡರೆ ಬಿಡಿಸುವುದು ಕಷ್ಟ. ಅಡಿಕೆ ದಬ್ಬೆ ಸೀಳಿ ಒಳಗಿನ ತಿರುಳು ತೆಗೆದು ದೋಣಿಯ ಹಾಗೆ ಒಂದರ ಬಾಯಿಗೆ ಒಂದು ಜೋಡಿಸಿದರೆ ಸಾಕು, ಸಿಮೆಂಟ್ ಬೇಡ. ಮಳೆ ನೀರು ಅದಕ್ಕೆ ಬೀಳದ ಹಾಗೆ ಮೇಲೊಂದು ಸೋಗೆ ಹೊದಿಸಿ. ಅವರ ಸಗಣಿಯನ್ನು ಮೊದಲ ದಿನವೇ ಎರಡು ಬಾಲ್ದಿ ಹಾಕಬೇಡಿ, ಅರ್ಧ ಬಾಲ್ದಿಯಿಂದ ಶುರು ಮಾಡಿ ತಿಂಗಳಲ್ಲಿ ಎರಡಕ್ಕೆ ತನ್ನಿ. ಗೆರೆ ಎಳೆಯುವುದನ್ನು ನಿಲ್ಲಿಸಬೇಡಿ.

ಏಪ್ರಿಲ್‌ನಲ್ಲಿ ಶಿರಸಿ ಕಡೆ ಬರುವುದಿದೆ. ಆಗ ನಿಮ್ಮ ಗುಮ್ಮಟ ಒಮ್ಮೆ ನೋಡಿ ಬರುತ್ತೇನೆ.